ಹೊಸ ಬಾಯ್ಲರೂ ಹಳೇ ಬಿಲ್ಲೂ

ಮಗಳ ಬಾಣಂತನಕ್ಕೆ ಅಂತ 2024ರ ಜನವರಿಯಲ್ಲಿ ನಾನೂ ನನ್ನಾಕೆಯೂ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿದ್ದೆವು. ಕೂಡಿಟ್ಟಿದ್ದ ಪಿ.ಎಲ್. ಅಷ್ಟೂ ಅಲ್ಲಿಗೇ ಖರ್ಚು. ಬಾಣಂತನ ಮಾಡುವವಳು ಅವಳು, ನಾನು ಹೋದದ್ದು ಸೂಟ್‌ಕೇಸ್ ಎಳೆಯುವುದಕ್ಕೆ. ಮೂವತ್ತು ವರ್ಷದಿಂದ ಮುಂಬೈಯಲ್ಲಿ ಇರುವ ನಮಗೆ ಚಳಿಗಾಲ ಅಂದರೆ ಫ್ಯಾನನ್ನು ಒಂದು ಪಾಯಿಂಟ್ ಕಮ್ಮಿ ಮಾಡುವುದು. ಅಲ್ಲಿ ನೋಡಿದರೆ ಬೆಳಿಗ್ಗೆ ಎಂಟಾದರೂ ಕತ್ತಲೆ, ಹೊರಗೆ ಎರಡೋ ಮೂರೋ ಡಿಗ್ರಿ!

ಹೋದ ಮೂರನೇ ದಿನ ಅಳಿಯಂದಿರು ಗ್ಯಾಸ್ ಬಿಲ್ಲು ಹಿಡಿದುಕೊಂಡು ಬಂದರು.

“ಮಾವ, ನೀವು ಬ್ಯಾಂಕಿನವರು, ಇದನ್ನ ಸ್ವಲ್ಪ ನೋಡಿ. ಅಕ್ಟೋಬರಿನಲ್ಲಿ ಹಳೇ ಬಾಯ್ಲರ್ ತೆಗೆಸಿ ಹೊಸದು ಹಾಕಿಸಿದ್ವಿ. ಎರಡು ಸಾವಿರದ ಎಂಟುನೂರು ಪೌಂಡ್. ನೂರಕ್ಕೆ ಇಪ್ಪತ್ತು ಉಳಿಯುತ್ತೆ ಅಂದಿದ್ರು. ಏನೂ ಉಳಿದ ಹಾಗೆ ಕಾಣ್ತಿಲ್ಲ.”

ಬಾಯ್ಲರ್ ಅಂದರೆ ಏನು ಅಂತ ಇಲ್ಲಿಯ ಓದುಗರಿಗೆ ಒಂದು ಮಾತು. ಅಡುಗೆಮನೆ ಗೋಡೆಗೆ ಹಾಕಿದ ಬಿಳಿ ಪೆಟ್ಟಿಗೆ ಅದು. ಗ್ಯಾಸ್ ಉರಿಸಿ ನೀರು ಕಾಯಿಸಿ, ಆ ನೀರನ್ನು ಪ್ರತಿ ಕೋಣೆಯ ರೇಡಿಯೇಟರಿಗೂ ತಿರುಗಿಸುತ್ತದೆ. ಸ್ನಾನದ ನೀರೂ ಅದರಿಂದಲೇ. ನಮ್ಮೂರ ಬಚ್ಚಲೊಲೆ, ಹಂಡೆ, ಹೊಡಚಲು ಮೂರೂ ಸೇರಿ ಒಂದಾದ ಹಾಗೆ ಅನ್ನಿ.

ಪೌಂಡಿನ ಲೆಕ್ಕ ಪಕ್ಕಕ್ಕಿಟ್ಟು ಯೂನಿಟ್ ಲೆಕ್ಕ ತೆಗೆದೆ. ಗ್ಯಾಸಿನ ದರ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ, ದುಡ್ಡು ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೇವೆ. ಅಲ್ಲಿ ಮೀಟರು ಘನ ಮೀಟರಿನಲ್ಲಿ ಓಡುತ್ತದೆ, ಬಿಲ್ಲು ಕಿಲೋವ್ಯಾಟ್ ಅವರ್‌ನಲ್ಲಿ ಬರುತ್ತದೆ. ಒಂದು ಘನ ಮೀಟರ್ ಅಂದರೆ ಹೆಚ್ಚುಕಮ್ಮಿ ಹನ್ನೊಂದು ಯೂನಿಟ್. ಹಿಂದಿನ ವರ್ಷದ ನವೆಂಬರ್, ಡಿಸೆಂಬರ್ ಪಕ್ಕಕ್ಕಿಟ್ಟು ನೋಡಿದೆ. ಇಳಿದಿತ್ತು, ಇಲ್ಲ ಅನ್ನಲಾರೆ. ಆದರೆ ಇಪ್ಪತ್ತಲ್ಲ, ನೂರಕ್ಕೆ ಎಂಟು.

ಕಡತವೆಲ್ಲ ಸರಿಯಾಗಿತ್ತು. ಪೆಟ್ಟಿಗೆಯ ಮೇಲೆ ‘ಎ’ ದರ್ಜೆ. ಅಲ್ಲಿಯ ಕಾನೂನಿನ ಪ್ರಕಾರ 2005ರ ಏಪ್ರಿಲ್‌ನಿಂದ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರು, ತೀರಾ ಅಪರೂಪದ ಸಂದರ್ಭ ಬಿಟ್ಟರೆ, ಕಂಡೆನ್ಸಿಂಗ್ ಜಾತಿಯದೇ ಆಗಿರಬೇಕು. 2018ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಕನಿಷ್ಠ ನೂರಕ್ಕೆ 92ರ ದಕ್ಷತೆ ಇರಬೇಕು, ಸಮಯವನ್ನೂ ಉಷ್ಣತೆಯನ್ನೂ ನಿಯಂತ್ರಿಸುವ ವ್ಯವಸ್ಥೆ ಇರಬೇಕು. ಟ್ಯಾಂಕ್ ಇಲ್ಲದೆ ಆಗಿಂದಾಗ ನೀರು ಕಾಯಿಸುವ ಕಾಂಬಿ ಬಾಯ್ಲರ್ ಆದರೆ ಇನ್ನೂ ಒಂದು ಉಳಿತಾಯದ ಸಾಧನ ಸೇರಿಸಬೇಕು. ಅಳಿಯಂದಿರು ಆರಿಸಿಕೊಂಡದ್ದು ಫೋನಿನಿಂದ ಆಡಿಸುವ ಸ್ಮಾರ್ಟ್ ಥರ್ಮೋಸ್ಟಾಟ್. ಎಲ್ಲ ಕಾಗದಕ್ಕೂ ಸಹಿ ಬಿದ್ದಿತ್ತು. ಹಾಗಾದರೆ ದುಡ್ಡು ಎಲ್ಲಿ ಸೋರುತ್ತಿದೆ?

ಬಿ.ಕಾಂ. ಓದಿದವನಿಗೆ ಬಾಯ್ಲರ್ ಏನು ಗೊತ್ತು ಅನ್ನಬೇಡಿ. ಜೆಟ್‌ಲ್ಯಾಗಿನಲ್ಲಿ ರಾತ್ರಿ ಮೂರಕ್ಕೆ ಎಚ್ಚರ ಆಗುವವನಿಗೆ ಬಾಯ್ಲರಿನ ಕೈಪಿಡಿ ಓದುವುದಕ್ಕೆ ಬೇಕಾದಷ್ಟು ಸಮಯ ಇರುತ್ತದೆ!

ವಿಷಯ ಇಷ್ಟೇ. ಗ್ಯಾಸ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಹಳೇ ಬಾಯ್ಲರಿನಲ್ಲಿ ಆ ಆವಿ ಹೊಗೆಯ ಜೊತೆ ಹೊರಗೆ ಹೋಗುತ್ತಿತ್ತು, ತನ್ನೊಳಗಿನ ಶಾಖವನ್ನೂ ಕಟ್ಟಿಕೊಂಡು. ಇಡ್ಲಿ ಪಾತ್ರೆಯ ಆವಿ ಕೈಗೆ ತಾಗಿದವರಿಗೆ ಅದರಲ್ಲಿ ಎಷ್ಟು ಶಾಖ ಇರುತ್ತದೆ ಅಂತ ಗೊತ್ತು. ಕಂಡೆನ್ಸಿಂಗ್ ಬಾಯ್ಲರ್ ಆ ಆವಿಯನ್ನು ಒಳಗೇ ತಣಿಸಿ ನೀರು ಮಾಡಿ, ಶಾಖವನ್ನು ವಾಪಸ್ಸು ಪಡೆಯುತ್ತದೆ. ಆದರೆ ಒಂದು ಷರತ್ತು. ರೇಡಿಯೇಟರುಗಳನ್ನು ಸುತ್ತಿ ಹಿಂದಕ್ಕೆ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. ಇಲ್ಲದಿದ್ದರೆ ಆವಿ ನೀರಾಗುವುದಿಲ್ಲ, ಹೊಸ ಬಾಯ್ಲರು ಹೆಚ್ಚುಕಮ್ಮಿ ಹಳೇದರ ಹಾಗೇ ಆಡುತ್ತದೆ.

ಬೆಳಿಗ್ಗೆ ಎದ್ದು ಬಾಯ್ಲರಿನ ಮುಂದೆ ನಿಂತು ರೇಡಿಯೇಟರ್ ಚಿತ್ರ ಇರುವ ಗುಂಡಿ ಒತ್ತಿದೆ. 80 ಅಂತ ತೋರಿಸಿತು. ರೇಡಿಯೇಟರಿಗೆ ಹೊರಡುವ ನೀರೇ 80 ಡಿಗ್ರಿ ಇದ್ದರೆ, ಹಿಂದೆ ಬರುವುದು ಸುಮಾರು 60. ಆವಿ ನೀರಾಗುವುದು ಎಲ್ಲಿಂದ? ಬಾಯ್ಲರ್ ಕೂರಿಸಿದವನು ಅದನ್ನು ಮುಟ್ಟಿಯೇ ಇರಲಿಲ್ಲ. ಆ ಸ್ಮಾರ್ಟ್ ಥರ್ಮೋಸ್ಟಾಟೋ, ಆ ಮನೆಯಲ್ಲಿ ಅದನ್ನು ಜೋಡಿಸಿದ್ದು ಬರೀ ಹಚ್ಚು-ಆರಿಸು ಸ್ವಿಚ್ಚಿನ ಹಾಗೆ. ಕೋಣೆ ತಣ್ಣಗಾದರೆ ಪೂರ್ತಿ ಉರಿ, ಬೆಚ್ಚಗಾದರೆ ಬಂದ್.

“60ಕ್ಕೆ ಇಳಿಸೋಣ” ಅಂದೆ. ಮನೆಯಲ್ಲಿ ಯುದ್ಧ ಶುರುವಾಯಿತು.

“ಹದಿನೈದು ದಿನದ ಕೂಸು ಇದೆ ಮನೇಲಿ. ಅದಕ್ಕೆ ಶೀತ ಆದರೆ ನಿಮ್ಮ ಉಳಿತಾಯ ಬಂದು ನೋಡಿಕೊಳ್ಳುತ್ತಾ?” ಅಂದಳು ನನ್ನಾಕೆ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಗಳೂ ಏನೂ ಮಾತಾಡಲಿಲ್ಲ, ಕೂಸನ್ನು ಇನ್ನಷ್ಟು ಸುತ್ತಿ ಎತ್ತಿಕೊಂಡಳು. ನನಗೂ ಒಳಗೊಳಗೇ ಅಳುಕು ಇತ್ತು. ಪ್ರಯೋಗ ಮಾಡುವುದಕ್ಕೆ ಮೊಮ್ಮಗಳ ಕೋಣೆಯೇ ಆಗಬೇಕೆ?

ಕೊನೆಗೆ ಒಪ್ಪಂದ ಆಯಿತು. ಅಲ್ಲಿ ಕೂಸು ಮಲಗುವ ಕೋಣೆ 16ರಿಂದ 20 ಡಿಗ್ರಿ ಇರಬೇಕು ಅಂತ ಹೇಳುತ್ತಾರೆ. ನನ್ನಾಕೆಗೆ 24 ಬೇಕಿತ್ತು. ಹೆಚ್ಚು ಸೆಕೆಯೂ ಕೂಸಿಗೆ ಒಳ್ಳೆಯದಲ್ಲ ಅಂತ ಮನೆಗೆ ಬಂದ ನರ್ಸಮ್ಮ ಹೇಳಿದ ಮೇಲೆ 20ಕ್ಕೆ ಇಳಿದಳು. ತೊಟ್ಟಿಲ ಪಕ್ಕ ಥರ್ಮಾಮೀಟರ್ ಇಟ್ಟೆವು. ಅದು 19ಕ್ಕಿಂತ ಕೆಳಗೆ ಹೋದರೆ ತಕ್ಷಣ ಹಳೇ ಸ್ಥಿತಿಗೆ. ಸ್ನಾನದ ನೀರಿನ ಗುಂಡಿ ಮಾತ್ರ ಮುಟ್ಟುವ ಹಾಗಿಲ್ಲ. ಬಾಣಂತಿಯ ಎಣ್ಣೆ-ನೀರಿನ ವಿಷಯದಲ್ಲಿ ನನ್ನ ಮಾತು ನಡೆಯುವುದಿಲ್ಲ. ಅದೃಷ್ಟಕ್ಕೆ ಅದಕ್ಕೆ ನಲ್ಲಿಯ ಚಿತ್ರದ ಬೇರೆಯೇ ಗುಂಡಿ ಇತ್ತು.

ಫೆಬ್ರವರಿಯಲ್ಲಿ ಒಂದು ವಾರ 80ರಲ್ಲಿ, ಇನ್ನೊಂದು ವಾರ 60ರಲ್ಲಿ ಓಡಿಸಿ, ದಿನಾ ಬೆಳಿಗ್ಗೆ ಮೀಟರ್ ಬರೆದುಕೊಂಡೆ. ಎರಡನೇ ವಾರದ ಮೊದಲ ದಿನವೇ ನನ್ನಾಕೆ ರೇಡಿಯೇಟರ್ ಮುಟ್ಟಿ “ಇದು ಬಿಸೀನೇ ಇಲ್ಲ” ಅಂದಳು. ನಿಜ, ಮೊದಲು ಕೈ ಸುಡುತ್ತಿತ್ತು, ಈಗ ಬೆಚ್ಚಗಿತ್ತು ಅಷ್ಟೆ. ಆದರೆ ತೊಟ್ಟಿಲ ಪಕ್ಕದ ಥರ್ಮಾಮೀಟರ್ 20 ಬಿಟ್ಟು ಅಲ್ಲಾಡಲಿಲ್ಲ. ಮೊದಲು ಒಮ್ಮೆ ಸೆಕೆ, ಒಮ್ಮೆ ಚಳಿ ಆಗುತ್ತಿದ್ದದ್ದು ನಿಂತಿತು. ಬಾಯ್ಲರಿನ ಕೆಳಗಿನ ಬಿಳಿ ಪ್ಲಾಸ್ಟಿಕ್ ಕೊಳವೆಯಿಂದ ಆಗಾಗ ಗುಳುಗುಳು ಸದ್ದು ಶುರುವಾಯಿತು. ಆವಿ ನೀರಾಗಿ ಮೋರಿಗೆ ಇಳಿಯುವ ಸದ್ದು ಅದು. ಅಷ್ಟು ದಿನ ಅದನ್ನು ನಾವು ಸರಿಯಾಗಿ ಕೇಳಿಯೇ ಇರಲಿಲ್ಲ.

ಮೊದಲ ವಾರ 49 ಘನ ಮೀಟರ್, ಎರಡನೇ ವಾರ 45. ಹವೆ ಹೆಚ್ಚುಕಮ್ಮಿ ಒಂದೇ ಥರ ಇತ್ತು. ಒಂದು ಮನೆಯ ಎರಡು ವಾರದ ಲೆಕ್ಕ ಶಾಸ್ತ್ರ ಆಗುವುದಿಲ್ಲ, ಒಪ್ಪುತ್ತೇನೆ. ಆಗಿನ ದರ ಯೂನಿಟ್ಟಿಗೆ ಸುಮಾರು ಏಳೂವರೆ ಪೆನ್ಸ್. ವಾರಕ್ಕೆ ಮೂರು ಪೌಂಡ್ ಚಿಲ್ಲರೆ ಉಳಿಯಿತು. “ಇಷ್ಟಕ್ಕೇನಾ ಇಷ್ಟೆಲ್ಲ?” ಅಂದಳು ನನ್ನಾಕೆ. ಚಳಿಗಾಲ ಆರು ತಿಂಗಳು, ಬಾಯ್ಲರು ಹದಿನೈದು ವರ್ಷ ಬಾಳುತ್ತದೆ, ಕೂಡಿಸಿ ನೋಡು ಅಂದೆ. ಅದಕ್ಕಿಂತ ಮುಖ್ಯ, 2,800 ಪೌಂಡ್ ಕೊಟ್ಟು ಕೊಂಡದ್ದರಿಂದ ನೂರಕ್ಕೆ ಎಂಟು ಉಳಿಯಿತು. ಪುಕ್ಕಟೆ ಗುಂಡಿ ಒತ್ತಿದ್ದರಿಂದ ಮತ್ತೆ ಸುಮಾರು ಅಷ್ಟೇ ಉಳಿಯಿತು!

ಇಲ್ಲಿಂದ ನನ್ನ ತಕರಾರು ಶುರು.

ನಮ್ಮ ಬ್ಯಾಂಕಿನಲ್ಲಿ ಸಾಲ ಕೊಡುವಾಗ ಕಾಗದಪತ್ರ ಎಲ್ಲ ಸರಿ ಇದ್ದರೆ ಸಾಲದು. ಟ್ರ್ಯಾಕ್ಟರಿಗೆ ಅಂತ ತೆಗೆದುಕೊಂಡ ದುಡ್ಡು ಟ್ರ್ಯಾಕ್ಟರಿಗೇ ಹೋಯಿತೆ ಅಂತ ಹೋಗಿ ನೋಡಬೇಕು. ಎಂಡ್ ಯೂಸ್ ವೆರಿಫಿಕೇಶನ್ ಅನ್ನುತ್ತೇವೆ. ಅದನ್ನು ಮಾಡದ ಬ್ರಾಂಚಿನಲ್ಲಿ ಕಡತಗಳು ಚೆನ್ನಾಗಿರುತ್ತವೆ, ಸಾಲಗಳು ಕೆಟ್ಟಿರುತ್ತವೆ. ಬಾಯ್ಲರಿನ ವಿಷಯದಲ್ಲೂ ಹೀಗೇ. ಕಾನೂನು ಪೆಟ್ಟಿಗೆಯನ್ನು ನೋಡುತ್ತದೆ, ಲೇಬಲ್ ನೋಡುತ್ತದೆ. ಅದು ಮನೆಯಲ್ಲಿ ಹೇಗೆ ಓಡುತ್ತಿದೆ ಅಂತ ಆ ಮನೆಗೆ ಬಂದು ನೋಡಿದವರು ಯಾರೂ ಇಲ್ಲ. 2022ರ ಡಿಸೆಂಬರಿನಲ್ಲಿ ಅಲ್ಲಿಯ ಸರಕಾರವೇ ಕಾಂಬಿ ಬಾಯ್ಲರಿನ ನೀರನ್ನು 60ಕ್ಕೆ ಇಳಿಸಿ ಅಂತ ಪ್ರಚಾರ ಮಾಡಿತ್ತು. ಅದಾದ ಹತ್ತು ತಿಂಗಳ ಮೇಲೆ ಕೂರಿಸಿದ ಬಾಯ್ಲರು 80ರಲ್ಲಿತ್ತು!

ಕೂರಿಸುವವನ ಕಷ್ಟವೂ ಇದೆ. ಮನೆ ಬೆಚ್ಚಗಾಗಲಿಲ್ಲ ಅಂತ ಗಿರಾಕಿ ಫೋನ್ ಮಾಡಿದರೆ ಅವನು ಪುಕ್ಕಟೆ ಓಡಿಬರಬೇಕು. ಗ್ಯಾಸ್ ಜಾಸ್ತಿ ಉರಿಯಿತು ಅಂತ ಯಾರೂ ಫೋನ್ ಮಾಡುವುದಿಲ್ಲ. ಹಾಗಾಗಿ ಅವನಿಗೆ ಹೆಚ್ಚು ಬಿಸಿಯೇ ಕ್ಷೇಮ. ಅದನ್ನು ಕೇಳಬೇಕಾದವರು ದುಡ್ಡು ಕೊಡುವ ನಾವು. “ಯಾವ ಕಂಪನಿಯದು, ಎಷ್ಟು ವರ್ಷ ಗ್ಯಾರಂಟಿ” ಅಂತ ಕೇಳುವ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ರೇಡಿಯೇಟರಿಗೆ ಹೊರಡುವ ನೀರನ್ನು ಎಷ್ಟು ಡಿಗ್ರಿಗೆ ಇಟ್ಟಿದ್ದೀರಿ? ಹೊರಗಿನ ಚಳಿ ನೋಡಿ ನೀರಿನ ಬಿಸಿಯನ್ನು ತಾನೇ ಏರಿಸಿ ಇಳಿಸುವ ಸೆನ್ಸರ್ ಹಾಕುತ್ತೀರಾ? ಸ್ನಾನಕ್ಕೆ ಬೇಕಾದ 30 ಕಿಲೋವ್ಯಾಟ್ ಉರಿಯನ್ನು ಏಳೆಂಟು ಕಿಲೋವ್ಯಾಟ್ ಸಾಕಾಗುವ ರೇಡಿಯೇಟರಿಗೂ ಬಿಡುತ್ತೀರಾ, ಇಳಿಸುತ್ತೀರಾ?

ಎರಡು ಎಚ್ಚರಿಕೆ. ಬಿಸಿನೀರು ತುಂಬಿಡುವ ಟ್ಯಾಂಕ್ ಇರುವ ಮನೆಗಳಲ್ಲಿ ಹೀಗೆ ಇಳಿಸಬಾರದು, ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟದಿದ್ದರೆ ರೋಗಾಣು ಬೆಳೆಯುವ ಭಯ ಇದೆ. ನಾನು ಒತ್ತಿದ್ದು ಹೊರಗಿನ ಗುಂಡಿ ಮಾತ್ರ. ಪೆಟ್ಟಿಗೆ ಬಿಚ್ಚುವ ಕೆಲಸ ಗ್ಯಾಸ್ ಸೇಫ್ ನೋಂದಣಿ ಇರುವವರದ್ದು.

ಈಗ ಅಲ್ಲಿ ಬಾಯ್ಲರ್ ಬಿಟ್ಟು ಹೀಟ್ ಪಂಪ್ ಹಾಕಿಸಿ ಅನ್ನುತ್ತಿದ್ದಾರೆ. 2023ರ ಅಕ್ಟೋಬರಿನಲ್ಲಿ ಅದರ ಸಹಾಯಧನವನ್ನು 7,500 ಪೌಂಡಿಗೆ ಏರಿಸಿದರು. ಒಳ್ಳೆಯದೇ. ಆದರೆ ಹೀಟ್ ಪಂಪಿಗೆ ನೀರಿನ ಬಿಸಿ ಏರಿದಷ್ಟೂ ಕರೆಂಟು ಜಾಸ್ತಿ ಬೇಕು. ಬಾಯ್ಲರಿನಲ್ಲಿ ಕ್ಷಮಿಸಿಹೋಗುವ ತಪ್ಪು ಅಲ್ಲಿ ದುಬಾರಿ. ಗುಂಡಿ ನೋಡುವ ಅಭ್ಯಾಸ ಈಗಲೇ ಆಗಬೇಕು.

ಬೇರೆಯವರ ಮನೆ ಲೆಕ್ಕ ನೋಡುವುದು ಸುಲಭ. ಮುಂಬೈಗೆ ಬಂದವನು ನಮ್ಮ ಬಚ್ಚಲಿನ ಐದು ಸ್ಟಾರಿನ ಗೀಸರ್ ನೋಡಿದೆ. ನಮ್ಮಲ್ಲಿ ಗೀಸರಿಗೆ ಸ್ಟಾರ್ ಕೊಡುವುದು ಸುಮ್ಮನೆ ನಿಂತಾಗ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಅನ್ನುವುದರ ಮೇಲೆ. ನಾವು ಅದನ್ನು ಬೆಳಿಗ್ಗೆ ಐದಕ್ಕೆ ಹಚ್ಚಿ, ಒಂಬತ್ತಕ್ಕೆ ಕೆಲಸದಾಕೆ ಬಂದು ಆರಿಸುವವರೆಗೆ ಬಿಟ್ಟಿರುತ್ತಿದ್ದೆವು! ಊರಲ್ಲಿ ನನ್ನ ಅಜ್ಜಿ ಹಂಡೆ ನೀರು ಕಾದ ತಕ್ಷಣ ಬಚ್ಚಲೊಲೆಯ ಕುಂಟೆಯನ್ನು ಹಿಂದಕ್ಕೆ ಎಳೆದು ಕೆಂಡ ಮಾತ್ರ ಬಿಡುತ್ತಿದ್ದಳು. ಅವಳ ಒಲೆಗೆ ಒಂದು ಸ್ಟಾರೂ ಇರಲಿಲ್ಲ.

ಮಕ್ಕಳು ಇಂಗ್ಲೆಂಡಿನಲ್ಲಿ ಇರುವ ಓದುಗರು ಈ ಸಲ ಫೋನಿನಲ್ಲಿ ಮಾತಾಡುವಾಗ ಊಟ ಆಯಿತಾ ಅಂತ ಕೇಳಿದ ಮೇಲೆ, ಬಾಯ್ಲರ್ ಎಷ್ಟರಲ್ಲಿದೆ ಅಂತಲೂ ಕೇಳಿ. ನನ್ನ ಮಗಳು ಮಾತ್ರ ಈಗ ನಾನು ಕೇಳುವ ಮೊದಲೇ ಹೇಳುತ್ತಾಳೆ, “ಅಪ್ಪ, ಗುಳುಗುಳು ಅಂತಿದೆ.”