ಕ್ಯಾಮೆರಾಗೆ ಹೆಲ್ಮೆಟ್ ಕಾಣುತ್ತದೆ, ಲಾರಿಯ ತೂಕ ಕಾಣುವುದಿಲ್ಲ

ಸಂಚಾರಿ ನಿಯಮ ಮುರಿದವರಿಗೆ ಯಂತ್ರದ ಮೂಲಕ ದಂಡ ವಿಧಿಸುವ ಇ-ಚಲನ್ ವ್ಯವಸ್ಥೆ ಪೇಟೆಯವರ ವಿಷಯ, ನಮಗೇಕೆ ಎಂದು ಮಲೆನಾಡಿನವರು ಭಾವಿಸಿದ್ದರೆ ಅಚ್ಚರಿಯಿಲ್ಲ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ವೃತ್ತಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದವು. 2024ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಗೂ ಬಂದವು. ನಾಳೆ ಘಟ್ಟದ ರಸ್ತೆಗೂ ಬರಬಹುದು. ಬರುವ ಮುನ್ನವೇ, ಆ ಹಣದಿಂದ ಏನನ್ನು ಕೊಳ್ಳಬೇಕೆಂದು ಕೇಳುವ ಹಕ್ಕು ಆ ರಸ್ತೆಯ ಅಂಚಿನಲ್ಲಿ ಬದುಕುತ್ತಿರುವವರಿಗಿದೆ.

ಯಂತ್ರವನ್ನೇ ವಿರೋಧಿಸಬೇಕಾಗಿಲ್ಲ. ಕಾರ್ಬನ್ ಹಾಳೆಯ ರಸೀದಿ ಪುಸ್ತಕದ ಕಾಲದಲ್ಲಿ ‘ರಸೀದಿ ಬೇಕೋ, ಕಡಿಮೆಯಲ್ಲಿ ಮುಗಿಸೋಣವೋ’ ಎಂಬ ಪ್ರಶ್ನೆಯನ್ನು ಎದುರಿಸದ ವಾಹನ ಸವಾರರು ವಿರಳ. ಈಗ ವಾಹನದ ಸಂಖ್ಯೆ ಒತ್ತಿದರೆ ಮಾಲೀಕರ ಹೆಸರು, ವಿಮೆ, ಹಳೆಯ ಬಾಕಿ ಎಲ್ಲವೂ ತೆರೆದುಕೊಳ್ಳುತ್ತವೆ. ಹಣ ನೇರವಾಗಿ ಖಜಾನೆಗೆ ಸೇರುತ್ತದೆ. ಇದು ಒಳ್ಳೆಯದೇ.

ಪ್ರಶ್ನೆ ಇರುವುದು ಯಂತ್ರ ಯಾರನ್ನು ಹಿಡಿಯುತ್ತದೆ ಎಂಬಲ್ಲಿ. ನೆರೆಯ ಕೇರಳವನ್ನು ನೋಡಿ. ಅಲ್ಲಿ 232 ಕೋಟಿ ರೂಪಾಯಿಯ ಯೋಜನೆಯಲ್ಲಿ ಹಾಕಿದ 726 ಕ್ಯಾಮೆರಾಗಳು 2023ರ ಜೂನ್‌ನಲ್ಲಿ ದಂಡ ವಿಧಿಸತೊಡಗಿದವು. ಅವುಗಳಲ್ಲಿ 675 ಇದ್ದದ್ದು ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ಬಳಕೆಯಂಥವನ್ನು ಪತ್ತೆಹಚ್ಚಲು; ಉಳಿದವು ನಿಲುಗಡೆ, ಕೆಂಪು ದೀಪ ಮತ್ತು ವೇಗಕ್ಕೆ. ಭಾರ ಅಳೆಯುವ ಒಂದು ಸಾಧನವೂ ಆ ಪಟ್ಟಿಯಲ್ಲಿಲ್ಲ. ಮುಂದೆ ಸರ್ಕಾರದ ಕಂತು ಬಾಕಿಯಾದಾಗ ನಿರ್ವಹಣೆಯ ಹೊಣೆ ಹೊತ್ತ ಕೆಲ್ಟ್ರಾನ್ ಸಿಬ್ಬಂದಿಯನ್ನು ಕಡಿಮೆ ಮಾಡಿತು, ನೋಟಿಸ್ ಕಳುಹಿಸುವುದೂ ಕುಂಟಿತು. ಯಂತ್ರ ಕೊಳ್ಳಲು ಒಮ್ಮೆ ಹಣ ಕೊಟ್ಟರೆ ಸಾಲದು, ನಡೆಸಲು ವರ್ಷ ವರ್ಷವೂ ಬೇಕು.

ಹೆಲ್ಮೆಟ್ ಜೀವ ಉಳಿಸುತ್ತದೆ, ಸಂಶಯವಿಲ್ಲ. ಆದರೆ ಹೆಲ್ಮೆಟ್ ಇಲ್ಲದ ಸವಾರನಿಂದ ಘಟ್ಟ ಕುಸಿಯುವುದಿಲ್ಲ. ನಮ್ಮಲ್ಲಿ ರಸ್ತೆಯೆಂದರೆ ಗುಡ್ಡವನ್ನು ಒಂದು ಬದಿ ಕಡಿದು, ಇನ್ನೊಂದು ಬದಿಗೆ ಮಣ್ಣು ತುಂಬಿ ಮಾಡಿದ ಮೆಟ್ಟಿಲು. ಡಾಂಬರು ಬಿರುಕು ಬಿಟ್ಟಲ್ಲಿ ಮಳೆನೀರು ಇಳಿಯುತ್ತದೆ. ತುಂಬಿದ ಮಣ್ಣು ನೆನೆದು, ಭಾರವಾಗಿ, ಜಾರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಕಂಡುಕೊಂಡ ಲೆಕ್ಕವೊಂದಿದೆ: ರಸ್ತೆಗಾಗುವ ಹಾನಿಯು ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ಕೇಂದ್ರ ಸರ್ಕಾರವು 2018ರಲ್ಲಿ ನಾಲ್ಕು ಗಾಲಿಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಏರಿದ್ದು ಟನ್ನಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ, ಹಾನಿ ಶೇ. 60ರಷ್ಟು ಹೆಚ್ಚುತ್ತದೆ. ಇದು ಕಾನೂನುಬದ್ಧ ಭಾರದ ಮಾತು. ಅದನ್ನೂ ಮೀರಿ ಹೇರಿದ ಅದಿರಿನ ಲಾರಿಗಳು ಬೇಲೆಕೇರಿ ಬಂದರಿಗೆ ಅರಬೈಲ್ ಘಟ್ಟವಿಳಿದ ದಿನಗಳನ್ನು ಉತ್ತರ ಕನ್ನಡದವರು ಮರೆತಿಲ್ಲ. ಅಧಿಕ ಭಾರದ ಸಾಗಣೆಯನ್ನು ಲೋಕಾಯುಕ್ತ ವರದಿಯೇ ದಾಖಲಿಸಿದೆ. (ಕುಸಿತಕ್ಕೆಲ್ಲ ಲಾರಿಯೇ ಕಾರಣವಲ್ಲ. ರಸ್ತೆ ಅಗಲಿಸಲು ಗುಡ್ಡವನ್ನು ನೆಟ್ಟಗೆ ಕಡಿದವರ ಪಾಲು ಇನ್ನೂ ದೊಡ್ಡದು. ಅವರಿಗೆ ಚಲನ್ ಕೊಡುವ ಯಂತ್ರ ಮಾತ್ರ ಇನ್ನೂ ಬಂದಿಲ್ಲ.)

ಕಾನೂನಿನಲ್ಲಿ ಕೊರತೆಯಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಂತೆ ಅಧಿಕ ಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡ. ಅದಕ್ಕಿಂತ ಮುಖ್ಯವಾದುದು, ಹೆಚ್ಚುವರಿ ಭಾರ ಇಳಿಸುವವರೆಗೆ ವಾಹನವನ್ನು ಮುಂದೆ ಬಿಡಕೂಡದು ಎಂಬ ಷರತ್ತು. ಕ್ಯಾಮೆರಾ ಈ ಕೆಲಸ ಮಾಡಲಾರದು. ಅದರ ಚಲನ್ ಮಾಲೀಕನ ಮನೆ ತಲುಪುವ ಹೊತ್ತಿಗೆ ಲಾರಿ ಘಟ್ಟವಿಳಿದಾಗಿರುತ್ತದೆ. ಬೇಕಾದುದು ಘಟ್ಟದ ಬುಡದಲ್ಲಿ ಮತ್ತು ನೆತ್ತಿಯಲ್ಲಿ ತೂಕದ ಸೇತುವೆ, ಸರಕು ಇಳಿಸಲು ಜಾಗ, ರಾತ್ರಿಯೂ ಇರುವ ಸಿಬ್ಬಂದಿ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮವು ವಿದ್ಯುನ್ಮಾನ ಸಾಧನಗಳ ಪಟ್ಟಿಯಲ್ಲಿ ಕ್ಯಾಮೆರಾದ ಜೊತೆಗೆ ತೂಕದ ಯಂತ್ರವನ್ನೂ ಹೆಸರಿಸಿದೆ. ಆದ್ದರಿಂದ ನಾವು ಕೇಳುವುದು ಹೊಸದೇನಲ್ಲ.

ದಂಡದ ಮೊತ್ತವನ್ನೇ ಯಶಸ್ಸಿನ ಅಳತೆಯೆಂದು ತಿಳಿಯುವುದೂ ತಪ್ಪು. 2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಘೋಷಿಸಿದಾಗ ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಮಿಕ್ಕಿ ಹಣ ಬಂತು. 2025ರಲ್ಲಿ ಮತ್ತೆ ಅದೇ ರಿಯಾಯಿತಿ. ಕೂಡಲೇ ಕಟ್ಟಿದವನು ಪೂರ್ತಿ ತೆತ್ತ, ಕಾದವನು ಅರ್ಧ ಉಳಿಸಿಕೊಂಡ.

ಹಳ್ಳಿಯವರಿಗೆ ಒಂದು ಮಾತು: ಹಳೆಯ ಬೈಕ್ ಮಾರಿದವರು ಕೊಂಡವರ ಹೆಸರಿಗೆ ದಾಖಲೆ ವರ್ಗಾಯಿಸದಿದ್ದರೆ ಅವರ ತಪ್ಪಿಗೆ ಚಲನ್ ನಿಮ್ಮ ಹೆಸರಿಗೆ ಬರುತ್ತದೆ. ಸಂದೇಶ ಬರುವುದು ಮೊಬೈಲಿಗೆ. ಗುಡ್ಡ ಹತ್ತಿದರಷ್ಟೇ ನೆಟ್‌ವರ್ಕ್ ಸಿಗುವ ಊರುಗಳಲ್ಲಿ ಕಾಗದದ ನೋಟಿಸೂ ತಲುಪಬೇಕು.

ಆಗುಂಬೆಯಲ್ಲಿ, ಕೊಡಗಿನಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಷೇಧದ ಆದೇಶಗಳು ಹೊರಡುತ್ತವೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಅದಕ್ಕೂ ಮುನ್ನ ಗ್ರಾಮಸಭೆಗಳಿಂದ ನಿರ್ಣಯ ಹೋಗಲಿ: ಘಟ್ಟದ ಪೊಲೀಸ್ ಠಾಣೆಗಳಿಗೆ ಕೊಡುವ ಯಂತ್ರದ ಹಣದಲ್ಲಿ ಮೊದಲ ಪಾಲು ತೂಕದ ಸೇತುವೆಗೆ, ಮತ್ತು ಪ್ರತಿ ತಿಂಗಳು ತೂಗಿದ ಲಾರಿಗಳ ಸಂಖ್ಯೆ, ಇಳಿಸಿದ ಭಾರ ಪಂಚಾಯಿತಿಯ ಸೂಚನಾ ಫಲಕದಲ್ಲಿ. ನಿಷೇಧದ ದಿನಗಳಲ್ಲಿ ಎಷ್ಟು ಲಾರಿ ದಾಟಿದವು ಎಂಬುದನ್ನು ಕಾಲೇಜು ವಿದ್ಯಾರ್ಥಿಗಳು ಈ ಮಳೆಗಾಲದಿಂದಲೇ ತನಿಖಾ ಠಾಣೆಯ ಬಳಿ ಬರೆದಿಡಬಹುದು. ಅದಕ್ಕೆ ಯಾರ ಅನುದಾನವೂ ಬೇಕಿಲ್ಲ.