ವಿಷಾದ ಪತ್ರವೂ ಇಲ್ಲದ ತಿರಸ್ಕಾರ

ಪತ್ರಿಕೆಗೆ ಕತೆ ಕಳಿಸುವಾಗ ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಡುತ್ತಿದ್ದ ಕಾಲದ ಬಗ್ಗೆ ನಮ್ಮ ಕನ್ನಡ ಮೇಷ್ಟ್ರು ಹೇಳುತ್ತಿದ್ದರು. ಕತೆ ಒಪ್ಪಿಗೆಯಾಗದಿದ್ದರೆ ಅದೇ ಲಕೋಟೆಯಲ್ಲಿ ವಿಷಾದ ಪತ್ರದ ಸಮೇತ ವಾಪಸ್ ಬರುತ್ತಿತ್ತಂತೆ. ಆ ಎರಡು ಸಾಲಿನ ಪತ್ರವನ್ನು ಹರಿದೆಸೆದು ಸಂಪಾದಕರನ್ನು ಬೈದುಕೊಳ್ಳುತ್ತಿದ್ದೆ ಎಂದು ಮೇಷ್ಟ್ರು ನಗುತ್ತಿದ್ದರು. ನನಗೀಗ ಆ ಪತ್ರ ದೊಡ್ಡ ಸೌಜನ್ಯವಾಗಿ ಕಾಣುತ್ತದೆ. ಬೇಡವೆಂದವರು ಯಾರು ಎಂದು ಅದರಿಂದ ಗೊತ್ತಾಗುತ್ತಿತ್ತು. ಜಗಳ ಆಡಬಹುದಿತ್ತು. ಇನ್ನೊಂದು ಪತ್ರಿಕೆಗೆ ಕಳಿಸಬಹುದಿತ್ತು.

ನಾನು ಸಲಿಂಗಿ. ಕನ್ನಡ ಪುಸ್ತಕಗಳ ಬಗ್ಗೆ ಎರಡು-ಮೂರು ನಿಮಿಷದ ವಿಡಿಯೊ ಮಾಡಿ ಜಾಲತಾಣವೊಂದರಲ್ಲಿ ಹಾಕುವುದು ನನ್ನ ಹವ್ಯಾಸ. ಯಾವ ಕಾದಂಬರಿಯ ಬಗ್ಗೆ ಮಾತಾಡಿದರೂ ಸಾವಿರ ಜನಕ್ಕೆ ಮೋಸವಿಲ್ಲ. ವಸುಧೇಂದ್ರರ 'ಮೋಹನಸ್ವಾಮಿ' ಬಗ್ಗೆ ಮಾತಾಡಿದಾಗ ನೋಡಿದವರು ಅರವತ್ತು ಚಿಲ್ಲರೆ. ಎ. ರೇವತಿಯವರ ಆತ್ಮಕತೆ 'ಬದುಕು ಬಯಲು' ಬಗ್ಗೆ ಮಾತಾಡಿದಾಗ ಅಷ್ಟೂ ಇಲ್ಲ. ವಿಡಿಯೊವನ್ನು ಯಾರೂ ತೆಗೆದುಹಾಕಿಲ್ಲ. ನನ್ನ ಖಾತೆಗೆ ಹೋದರೆ ಹಾಗೇ ಇದೆ. ಹೆಸರು ಟೈಪ್ ಮಾಡಿ ಹುಡುಕಿದ ಗೆಳತಿಗೆ ಮಾತ್ರ ಸಿಗಲಿಲ್ಲ.

'ಅವತ್ತು ನೀನು ಚೆನ್ನಾಗಿ ಮಾತಾಡಿಲ್ಲವೇನೋ' ಎಂದರು ಕೆಲವರು. ಇರಬಹುದು. ಈ ವ್ಯವಸ್ಥೆಯ ಜಾಣತನ ಇರುವುದೇ ಈ 'ಇರಬಹುದು'ವಿನಲ್ಲಿ. ನಿಷೇಧಿಸಿದರೆ ಆದೇಶ ಇರುತ್ತದೆ, ಪ್ರತಿಭಟಿಸಬಹುದು. ಸುಮ್ಮನೆ ಕಾಣದಂತೆ ಮಾಡಿದರೆ ಬರೆದವನು ತನ್ನನ್ನೇ ಅನುಮಾನಿಸಿಕೊಳ್ಳುತ್ತಾನೆ. ನನ್ನ ಅರವತ್ತು ವೀಕ್ಷಕರನ್ನು ಸಾಕ್ಷಿಯಾಗಿ ಎಲ್ಲಿಯೂ ನಿಲ್ಲಿಸಲಾರೆ. ಹಾಗಾಗಿ ನನ್ನ ಮಾತು ಬಿಡಿ, ಕಂಪನಿಗಳೇ ಒಪ್ಪಿಕೊಂಡದ್ದನ್ನು ನೋಡೋಣ.

2017ರ ಮಾರ್ಚ್‌ನಲ್ಲಿ ಯೂಟ್ಯೂಬ್‌ನ 'ರಿಸ್ಟ್ರಿಕ್ಟೆಡ್ ಮೋಡ್' ಕ್ವಿಯರ್ ಜನರ ವಿಡಿಯೊಗಳನ್ನು ಮರೆಮಾಡುತ್ತಿದೆ ಎಂದು ಅವನ್ನು ಮಾಡಿದವರೇ ಕಂಡುಹಿಡಿದರು. ಶಾಲೆ, ಗ್ರಂಥಾಲಯಗಳಲ್ಲಿ ಬಳಕೆಯಾಗುವ ಸೋಸುವ ವ್ಯವಸ್ಥೆ ಅದು. ಮದುವೆಯಲ್ಲಿ ಹೇಳಿದ ಪ್ರತಿಜ್ಞೆಯ ವಿಡಿಯೊ ಕೂಡ ಅಲ್ಲಿ ಕಾಣೆಯಾಗಿತ್ತು. ಸುಮಾರು ಒಂದು ತಿಂಗಳಲ್ಲಿ ಕಂಪನಿ ದೋಷವನ್ನು ಒಪ್ಪಿಕೊಂಡು, ಎಲ್ಲ ಬಗೆಯ 1.2 ಕೋಟಿ ವಿಡಿಯೊಗಳನ್ನು ಮತ್ತೆ ಕಾಣುವಂತೆ ಮಾಡಿದೆವು, ಅದರಲ್ಲಿ ಲಕ್ಷಗಟ್ಟಲೆ ಕ್ವಿಯರ್ ವಿಷಯದವು ಎಂದಿತು. 2019ರ ಡಿಸೆಂಬರ್‌ನಲ್ಲಿ ಜರ್ಮನಿಯ ನೆಟ್ಸ್‌ಪೊಲಿಟಿಕ್ ಜಾಲತಾಣ ಟಿಕ್‌ಟಾಕ್‌ನ ಒಳಗಿನ ಸೂಚನೆಗಳನ್ನು ಬಯಲು ಮಾಡಿತು. ಅಂಗವಿಕಲರು, ದಪ್ಪಗಿರುವವರು, ಕ್ವಿಯರ್ ಜನ ಹಾಕಿದ ವಿಡಿಯೊಗಳು ಹೆಚ್ಚು ದೂರ ಹೋಗದಂತೆ ತಡೆಯಬೇಕೆಂದು ಅದರಲ್ಲಿತ್ತು. ಅವರನ್ನು ಕಿರುಕುಳದಿಂದ ಕಾಪಾಡಲು ತಾತ್ಕಾಲಿಕವಾಗಿ ಮಾಡಿದ್ದು, ಅದು ತಪ್ಪಾಗಿತ್ತು ಎಂದು ಕಂಪನಿ ಹೇಳಿತು. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಹದಿಹರೆಯದವರ ಹುಡುಕಾಟದಿಂದ ಕ್ವಿಯರ್ ಹ್ಯಾಷ್‌ಟ್ಯಾಗ್‌ಗಳನ್ನು ಮರೆಮಾಡಿದ್ದು ವರದಿಯಾಯಿತು. ಅದೂ ತಪ್ಪಿನಿಂದ ಆದದ್ದಂತೆ.

ಎಂಟು ವರ್ಷ, ಮೂರು ಕಂಪನಿ, ಮೂರು 'ತಪ್ಪು'. ತಪ್ಪು ಎನ್ನುವುದು ಒಮ್ಮೆಯಾದರೂ ಇನ್ನೊಂದು ದಿಕ್ಕಿಗೆ ಆಗಬೇಡವೇ? ಗಂಡು-ಹೆಣ್ಣು ಕೆರೆಯ ನೀರಲ್ಲಿ ನೆನೆದು ತಬ್ಬಿಕೊಂಡ ಪ್ರೀ-ವೆಡ್ಡಿಂಗ್ ವಿಡಿಯೊ ಪಕ್ಕದ ಮನೆ ಅಜ್ಜಿಯ ಮೊಬೈಲಿಗೂ ತಲುಪುತ್ತದೆ. ಅಂಗಿ-ಪ್ಯಾಂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತು ಪುಸ್ತಕದ ಬಗ್ಗೆ ಮಾತಾಡಿದ ನಾನು 'ಸೂಕ್ಷ್ಮ ವಿಷಯ'.

ಕಾಪಾಡುವ ಮಾತು ನಮಗೆ ಹೊಸದಲ್ಲ. ನೆಂಟರು ಬಂದಾಗ 'ನೀನು ಸ್ವಲ್ಪ ಒಳಗಿರು, ಸುಮ್ಮನೆ ಯಾಕೆ ಅವರ ಬಾಯಿಗೆ ಬೀಳ್ತೀಯ' ಎಂದು ನಡುಮನೆಯಿಂದ ಎಬ್ಬಿಸಿ ಕಳಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ. ಆಡಿಕೊಳ್ಳುವವರು ಕಾಫಿ ಕುಡಿದು ಆರಾಮಾಗಿ ಕೂತಿರುತ್ತಾರೆ, ಎದ್ದು ಹೋಗಬೇಕಾದವರು ನಾವು. ಜಾಲತಾಣ ಮಾಡುವುದೂ ಅದನ್ನೇ. ನನ್ನ ವಿಡಿಯೊದ ಕೆಳಗೆ ಒಬ್ಬ ಬರೆದ ಬೈಗುಳವನ್ನು ಇಲ್ಲಿ ಬರೆಯಲಾರೆ. ದೂರು ಕೊಟ್ಟೆ. 'ನಮ್ಮ ನಿಯಮಗಳ ಉಲ್ಲಂಘನೆಯಾಗಿಲ್ಲ' ಎಂದು ಉತ್ತರ ಬಂತು. ನಾನು ಹೇಳಿದ್ದನ್ನು ಅನುಮಾನಿಸುವಷ್ಟು ಕನ್ನಡ ಬರುವ ಯಂತ್ರಕ್ಕೆ ಅವನ ಬೈಗುಳ ಅರ್ಥವಾಗುವಷ್ಟು ಕನ್ನಡ ಬರುವುದಿಲ್ಲ.

ಇದು ಕನ್ನಡದ್ದೊಂದೇ ಕಷ್ಟವೂ ಅಲ್ಲ. ಮಾತಿನ 'ವಿಷ' ಅಳೆಯಲು ಗೂಗಲ್‌ನ ಸೋದರ ಸಂಸ್ಥೆ ಮಾಡಿದ ಉಪಕರಣವನ್ನು ಬ್ರೆಜಿಲ್‌ನ ಇಂಟರ್ನೆಟ್‌ಲ್ಯಾಬ್ 2019ರಲ್ಲಿ ಪರೀಕ್ಷಿಸಿತು. ಡ್ರ್ಯಾಗ್ ಕಲಾವಿದರು ತಮ್ಮತಮ್ಮಲ್ಲಿ ಆಡಿಕೊಂಡ ಸಲುಗೆಯ ಮಾತಿಗೆ, ಬಿಳಿಯರೇ ಶ್ರೇಷ್ಠರು ಎನ್ನುವವರ ಮಾತಿಗಿಂತ ಹೆಚ್ಚು ವಿಷದ ಅಂಕ ಬಿದ್ದ ಉದಾಹರಣೆಗಳು ಸಿಕ್ಕವು. ಯಂತ್ರ ಪದ ನೋಡುತ್ತದೆ, ಆಡಿದವರು ಯಾರು, ಯಾರಿಗೆ ಎಂದು ಕೇಳುವುದಿಲ್ಲ. ನಮ್ಮನ್ನು ಹೀಯಾಳಿಸಲು ಬಳಸಿದ ಪದವನ್ನೇ ಹೆಮ್ಮೆಯಿಂದ ಎತ್ತಿಕೊಂಡರೆ ಅಪರಾಧಿಗಳು ನಾವೇ ಆಗುತ್ತೇವೆ.

'ಮಕ್ಕಳು ನೋಡುತ್ತಾರಲ್ಲ' ಎನ್ನುವವರಿಗೆ ನನ್ನ ಉತ್ತರ ಇದು. ಹೌದು, ನೋಡಲಿ ಎಂದೇ ಮಾಡುತ್ತೇನೆ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಪಿಯುಸಿ ಓದುವಾಗ 'ಮೋಹನಸ್ವಾಮಿ' ಬಂತು. 2013. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಅನ್ನು ಎತ್ತಿಹಿಡಿಯಿತು. ಕಾನೂನಿನ ಕಣ್ಣಲ್ಲಿ ನನ್ನಂಥವರ ಪ್ರೀತಿ ಅಪರಾಧವಾಗಿದ್ದಾಗಲೂ ಪುಸ್ತಕ ಅಂಗಡಿಯ ಕಪಾಟಿನಲ್ಲಿತ್ತು. ದುಡ್ಡು ಕೊಟ್ಟೆ, ನ್ಯೂಸ್‌ಪೇಪರಿನ ರಟ್ಟು ಹಾಕಿ ಓದಿದೆ, ನಾನೊಬ್ಬನೇ ಅಲ್ಲ ಎಂದು ಗೊತ್ತಾಯಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ನಮ್ಮನ್ನು ಅಪರಾಧಿಗಳ ಪಟ್ಟಿಯಿಂದ ಬಿಡಿಸಿತು. ಈಗ ಕಾನೂನು ನಮ್ಮ ಕಡೆಗಿದೆ, ಕಪಾಟು ಮಾತ್ರ ಕಾಣುವುದಿಲ್ಲ. ಇವತ್ತಿನ ಪಿಯುಸಿ ಹುಡುಗ ಅಂಗಡಿಗಿಂತ ಮೊದಲು ಮೊಬೈಲಿನಲ್ಲಿ ಹುಡುಕುತ್ತಾನೆ. ಏನೂ ಸಿಗದಿದ್ದರೆ ತನ್ನಂಥವರು ಯಾರೂ ಇಲ್ಲ ಎಂದುಕೊಳ್ಳುತ್ತಾನೆ. ಹಾಗೆ ಅಂದುಕೊಂಡ ಹುಡುಗನ ರಾತ್ರಿಗಳು ಹೇಗಿರುತ್ತವೆ ಎಂದು ನನಗೆ ಗೊತ್ತು.

'ಅದು ಖಾಸಗಿ ಕಂಪನಿ, ಅವರ ಇಷ್ಟ' ಎನ್ನುವುದು ಇನ್ನೊಂದು ವಾದ. ಹೋಟೆಲೂ ಖಾಸಗಿಯೇ. ಆದರೂ ಅಂಗಡಿ, ಹೋಟೆಲುಗಳ ಬಾಗಿಲಲ್ಲಿ ಜಾತಿ, ಧರ್ಮ, ಲಿಂಗ ನೋಡಿ ಯಾರನ್ನೂ ತಡೆಯಬಾರದು ಎಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಊರವರೆಲ್ಲ ಬಂದು ಕೂರುವ ಕಟ್ಟೆ ಕಟ್ಟಿ, ಅದರಿಂದಲೇ ದುಡಿಯುವವರು 'ಇದು ನಮ್ಮ ಮನೆ' ಎಂದರೆ ಹೇಗೆ?

ಹಾಗೆಂದು ಸರ್ಕಾರವೇ ಬಂದು ಯಾವುದು ಕಾಣಬೇಕು ಎಂದು ತೀರ್ಮಾನಿಸಲಿ ಎಂದು ನಾನು ಕೇಳುವುದಿಲ್ಲ. ಮಾತು ಅಧಿಕಾರದ ಮರ್ಜಿಯಲ್ಲಿರುವ ಚೀನಾದಲ್ಲಿ, 2021ರ ಜುಲೈನಲ್ಲಿ, ವಿಶ್ವವಿದ್ಯಾಲಯಗಳ ಕ್ವಿಯರ್ ವಿದ್ಯಾರ್ಥಿ ಗುಂಪುಗಳ ಹತ್ತಾರು ವಿಚಾಟ್ ಖಾತೆಗಳು ಒಂದೇ ರಾತ್ರಿಯಲ್ಲಿ ಅಳಿಸಿಹೋದವು. ಕತ್ತರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಕೊಡುವುದರಿಂದ ಪ್ರಯೋಜನವಿಲ್ಲ.

ನಾನು ಕೇಳುತ್ತಿರುವುದು ಕಾರಣ. ನಮ್ಮ ದೇಶದ 2021ರ ಐಟಿ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣ ತಾನಾಗಿ ಏನನ್ನಾದರೂ ತೆಗೆದುಹಾಕುವ ಮುನ್ನ ಹಾಕಿದವರಿಗೆ ಕಾರಣ ತಿಳಿಸಬೇಕು, ತಕರಾರಿಗೆ ಅವಕಾಶ ಕೊಡಬೇಕು. ಆದರೆ ಆ ನಿಯಮ ತೆಗೆದುಹಾಕುವ, ತಡೆಹಿಡಿಯುವ ಮಾತಾಡುತ್ತದೆ. ತೆಗೆಯದೆ ಮೂಲೆಗೆ ಸರಿಸಿದರೆ? 2024ರ ಫೆಬ್ರುವರಿಯಿಂದ ಪೂರ್ತಿಯಾಗಿ ಜಾರಿಯಲ್ಲಿರುವ ಯುರೋಪಿನ ಡಿಜಿಟಲ್ ಸರ್ವಿಸಸ್ ಆಕ್ಟ್ ಈ ಕಿಂಡಿಯನ್ನು ಮುಚ್ಚಿದೆ. ಅದರ 17ನೇ ವಿಧಿಯಂತೆ ನಿಯಮ ಮೀರಿದೆ ಎಂದು ಬರಹವೊಂದು ಕಡಿಮೆ ಜನಕ್ಕೆ ಕಾಣುವಂತೆ ಮಾಡಿದರೂ ಕಾರಣ ಬರೆದು ತಿಳಿಸಬೇಕು. ಅದನ್ನು ಅಲ್ಲಿ ಮಾಡಲೇಬೇಕಾದ ಕಂಪನಿಗಳಿಗೆ ಇಲ್ಲಿ ಮಾಡುವುದು ಕಷ್ಟವೇ? ಆ ಕಾರಣವನ್ನು ಪ್ರಶ್ನಿಸಿದಾಗ ಕನ್ನಡ ಓದಬಲ್ಲ ಮನುಷ್ಯರೊಬ್ಬರು ಓದಲಿ. ಅಷ್ಟು ಸಾಕು.

ಅಲ್ಲಿಯವರೆಗೆ ನಮ್ಮ ಹುಡುಗರು ತಮ್ಮ ಹೆಸರಿನ ನಡುವೆ ಚುಕ್ಕಿ, ನಕ್ಷತ್ರ ಹಾಕಿ ಬರೆಯುತ್ತಿದ್ದಾರೆ, ಯಂತ್ರಕ್ಕೆ ಗುರುತು ಸಿಗದಿರಲಿ ಎಂದು. ಅವರನ್ನು ನಾನು ದೂರುವುದಿಲ್ಲ. ಆದರೆ ಎಷ್ಟೋ ವರ್ಷ ಒದ್ದಾಡಿ ಬಾಯಿಬಿಟ್ಟು ಹೇಳಿದ ಪದವನ್ನು ಮತ್ತೆ ನುಂಗಿಕೊಳ್ಳಲು ನನಗೆ ಮನಸ್ಸಿಲ್ಲ. ಮುಂದಿನ ವಾರ 'ಬದುಕು ಬಯಲು' ವಿಡಿಯೊವನ್ನು ಅದೇ ಹೆಸರಿನಲ್ಲಿ, ಒಂದು ಅಕ್ಷರವನ್ನೂ ಮರೆಮಾಡದೆ ಮತ್ತೆ ಹಾಕುತ್ತೇನೆ. ಹುಡುಕಿ ನೋಡಿ. ಸಿಗದಿದ್ದರೆ ಪುಸ್ತಕವನ್ನೇ ತಂದು ಓದಿ, ಓದಿ ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡಿ.