ಹೆಸರನ್ನು ನಂಬಿ ಹಾರಬಹುದೆ?

ಚಿನ್ನವನ್ನು ಕೊಳ್ಳುವವನು ಅದನ್ನು ಒರೆಗಲ್ಲಿಗೆ ಹಚ್ಚಿ ನೋಡುತ್ತಾನೆ. ಅಕ್ಕಿಯನ್ನು ಕೊಳ್ಳುವವನು ಒಂದು ಹಿಡಿಯನ್ನು ಅಂಗೈಗೆ ಸುರಿದುಕೊಂಡು ಪರೀಕ್ಷಿಸುತ್ತಾನೆ. ವಿಮಾನದ ಟಿಕೆಟನ್ನು ಕೊಳ್ಳುವವನಿಗೆ ಇಂತಹ ಅನುಕೂಲ ಯಾವುದೂ ಇಲ್ಲ. ತಾನು ಏರಲಿರುವ ಯಂತ್ರದ ಕೀಲುಗಳಿಗೆ ಎಣ್ಣೆ ಹಾಕಿದವರಾರು, ಹಾಕಿ ಎಷ್ಟು ದಿನವಾಯಿತು, ಅದನ್ನು ನಡೆಸುವ ಚಾಲಕನು ಹಿಂದಿನ ರಾತ್ರಿ ಎಷ್ಟು ಹೊತ್ತು ನಿದ್ರಿಸಿದ್ದಾನೆ ಎಂಬುದನ್ನು ಅವನು ಅರಿಯನು. ಅವನ ಕೈಯಲ್ಲಿರುವ ಒರೆಗಲ್ಲು ಒಂದೇ. ಅದು ವಿಮಾನ ಸಂಸ್ಥೆಯ ಹೆಸರು.

ನಮ್ಮ ನಾಡಿನ ಎಷ್ಟೋ ಮಂದಿ ತರುಣ ತರುಣಿಯರು ಇಂದು ಉಚ್ಚ ಶಿಕ್ಷಣಕ್ಕಾಗಿ ಕಡಲಾಚೆಗೆ ಹೋಗುತ್ತಾರೆ. ಟಿಕೆಟನ್ನು ಕೊಳ್ಳುವ ಹೊತ್ತಿಗೆ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದುಂಟು: “ಅದು ಒಳ್ಳೆಯ ಸಂಸ್ಥೆಯೊ? ಅದರ ವಿಮಾನ ಎಂದಾದರೂ ಬಿದ್ದಿದೆಯೊ?” ಪ್ರಶ್ನೆ ಸಹಜವಾದುದು, ಉಚಿತವಾದುದು. ಆದರೆ ಅದಕ್ಕೆ ನಾವು ಸಾಮಾನ್ಯವಾಗಿ ಕೊಟ್ಟುಕೊಳ್ಳುವ ಉತ್ತರ ತೀರ ದುರ್ಬಲವಾದುದು. ಬಿದ್ದಿಲ್ಲವಾದರೆ ಒಳ್ಳೆಯದು, ಬಿದ್ದಿದ್ದರೆ ಕೆಟ್ಟದ್ದು ಎಂದು ತೀರ್ಮಾನಿಸಿ ಸುಮ್ಮನಾಗುತ್ತೇವೆ. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಒಪ್ಪಿಕೊಳ್ಳುವ ಮೊದಲು ನಾವು ಕೆಲವು ಪ್ರಶ್ನೆಗಳನ್ನು ಹಾಕುತ್ತೇವೆ. ಎಷ್ಟು ಸಲ ಅಳೆದದ್ದು? ಯಾವಾಗ ಅಳೆದದ್ದು? ಅಳೆದ ಉಪಕರಣ ಯಾವುದು? ಸಂಸ್ಥೆಯೊಂದರ ಕೀರ್ತಿಯನ್ನೂ ಇದೇ ಪ್ರಶ್ನೆಗಳಿಂದ ತೂಗತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯ ಪ್ರಶ್ನೆಯನ್ನು ಲೆಕ್ಕದಿಂದಲೇ ವಿವೇಚಿಸೋಣ. ಎರಡು ಸಂಸ್ಥೆಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯದು 50 ಲಕ್ಷ ಹಾರಾಟಗಳಿಗೆ ಸರಾಸರಿ ಒಂದರಂತೆ ದುರಂತಕ್ಕೆ ಈಡಾಗತಕ್ಕುದು. ಎರಡನೆಯದು 10 ಲಕ್ಷಕ್ಕೆ ಒಂದರಂತೆ. ಎಂದರೆ ಎರಡನೆಯದು ಐದು ಪಟ್ಟು ಹೆಚ್ಚು ಅಪಾಯಕರ. ಎರಡೂ ದಿನಕ್ಕೆ 50 ಹಾರಾಟಗಳನ್ನು ನಡೆಸುತ್ತವೆ ಎನ್ನೋಣ. ಹತ್ತು ವರ್ಷಗಳಲ್ಲಿ ಒಂದೊಂದರದೂ ಸುಮಾರು 1,82,500 ಹಾರಾಟಗಳಾಗುವುವು. ಈ ಅವಧಿಯಲ್ಲಿ ಒಂದೂ ದುರಂತವಾಗದಿರುವ ಸಂಭಾವ್ಯತೆ ಎಷ್ಟು? ವಿರಳ ಘಟನೆಗಳಿಗೆ ಅನ್ವಯಿಸುವ ಪ್ವಾಸನ್ನನ ಸೂತ್ರದ ಪ್ರಕಾರ ಗಣಿಸಿದರೆ ಮೊದಲನೆಯದಕ್ಕೆ ಅದು 100ಕ್ಕೆ 96. ಎರಡನೆಯದಕ್ಕೆ 100ಕ್ಕೆ 83. ಐದು ಪಟ್ಟು ಅಪಾಯವಿದ್ದರೂ ಎರಡನೆಯ ಸಂಸ್ಥೆಯ ದಾಖಲೆ ಹತ್ತು ವರ್ಷಗಳ ಕೊನೆಯಲ್ಲಿ ಬಹುಮಟ್ಟಿಗೆ ನಿಷ್ಕಳಂಕವಾಗಿಯೇ ಇರುತ್ತದೆ! ಇವೆರಡರಲ್ಲಿ ಯಾವುದು ಮೇಲೆಂಬುದನ್ನು ಖಾಲಿ ಹಾಳೆ ಹೇಳಲಾರದು. ಹಾಗೆಯೇ, ಮೊದಲನೆಯ ಸಂಸ್ಥೆಗೆ ದುರದೃಷ್ಟದಿಂದ ಒಂದು ದುರಂತ ಸಂಭವಿಸಿದರೆ, ಅದರಿಂದಲೇ ಅದು ಎರಡನೆಯದಕ್ಕಿಂತ ಕೀಳಾಗಲಾರದು.

ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲವೆಂಬುದಕ್ಕೆ ಕಾನ್ಕಾರ್ಡ್ ವಿಮಾನದ ಚರಿತ್ರೆಯೇ ಸಾಕ್ಷಿ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಈ ವಿಮಾನ 1976ರ ಜನವರಿಯಲ್ಲಿ ಪ್ರಯಾಣಿಕರ ಸೇವೆಗೆ ಬಂದಿತು. ಇಪ್ಪತ್ತನಾಲ್ಕು ವರ್ಷಗಳ ಕಾಲ ಅದರಲ್ಲಿ ಒಬ್ಬ ಪ್ರಯಾಣಿಕನೂ ಸಾಯಲಿಲ್ಲ. 2000ದ ಜುಲೈ 25ರಂದು ಪ್ಯಾರಿಸ್ಸಿನಲ್ಲಿ, ಬೇರೊಂದು ವಿಮಾನದಿಂದ ಓಡುದಾರಿಯ ಮೇಲೆ ಬಿದ್ದಿದ್ದ ಲೋಹದ ಪಟ್ಟಿಯೊಂದು ಅದರ ಟೈರನ್ನು ಸೀಳಿತು. ಸಿಡಿದ ತುಂಡು ಇಂಧನದ ತೊಟ್ಟಿಗೆ ಬಡಿಯಿತು. 113 ಮಂದಿ ಮಡಿದರು. ಕಾನ್ಕಾರ್ಡಿನ ಒಟ್ಟು ಹಾರಾಟಗಳು ಒಂದು ಲಕ್ಷವನ್ನೂ ಮುಟ್ಟಿರಲಿಲ್ಲವಾದುದರಿಂದ, ಹಿಂದಿನ ದಿನ ಅತ್ಯಂತ ಸುರಕ್ಷಿತವೆನಿಸಿದ್ದ ವಿಮಾನ ಮರುದಿನ ಹಾರಾಟದ ಲೆಕ್ಕದಲ್ಲಿ ಜೆಟ್ ವಿಮಾನಗಳಲ್ಲೆಲ್ಲ ಕೊನೆಯ ಸಾಲಿಗೆ ಇಳಿಯಿತು. ಒಂದು ರಾತ್ರಿಯಲ್ಲಿ ಯಂತ್ರ ಬದಲಾಯಿತೆ? ಇಲ್ಲ. ಹಿಂದಿನ ಸೊನ್ನೆಯನ್ನು ಜನರು ಅದರ ಯೋಗ್ಯತೆಗೆ ಮೀರಿ ನಂಬಿದ್ದರು, ಅಷ್ಟೆ.

ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆಯ ವಿಚಾರವೂ ಬೋಧಪ್ರದವಾಗಿದೆ. ಅದರ ವಿಮಾನ ಎಂದೂ ಬಿದ್ದಿಲ್ಲವೆಂಬ ಮಾತು 1988ರ ಒಂದು ಹಾಲಿವುಡ್ ಚಲನಚಿತ್ರದಿಂದ ಲೋಕಪ್ರಸಿದ್ಧವಾಯಿತು. ನಿಜದಲ್ಲಿ 1951ಕ್ಕೆ ಮುಂಚೆ ಆ ಸಂಸ್ಥೆಗೂ ಪ್ರಾಣಹಾನಿಯ ದುರಂತಗಳು ಸಂಭವಿಸಿದ್ದುವು. ಜೆಟ್ ಯುಗದಲ್ಲಿ ಮಾತ್ರ ಅದರ ದಾಖಲೆ ನಿರ್ಮಲ. ಆದರೆ 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಅದರ ಎ-380 ವಿಮಾನದ ಎಂಜಿನ್ನೊಂದು ಆಕಾಶದಲ್ಲಿಯೇ ಸಿಡಿದು ರೆಕ್ಕೆಯನ್ನು ತೂತು ಮಾಡಿತು. ದೋಷವಿದ್ದುದು ಎಂಜಿನ್ನಿನ ಎಣ್ಣೆಯ ಕೊಳವೆಯಲ್ಲಿ. ಅದನ್ನು ತಯಾರಿಸಿದವರು ಬೇರೆ. ಚಾಲಕರ ತರಬೇತಿ ಮತ್ತು ಯಂತ್ರದ ರಚನೆಯ ಗಟ್ಟಿತನಗಳಿಂದ 469 ಮಂದಿ ಕ್ಷೇಮವಾಗಿ ಸಿಂಗಪುರಕ್ಕೆ ಹಿಂದಿರುಗಿದರು. ಆ ದಿನ ಸೊನ್ನೆಯೆಂಬ ಅಂಕೆ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿತ್ತು! ಆ ಸಂಸ್ಥೆಯ ಮೇಲ್ಮೆಗೆ ಸೊನ್ನೆಗಿಂತ ಒಳ್ಳೆಯ ಸಾಕ್ಷಿ ಅದರ ಚಾಲಕರ ಅಂದಿನ ನಡವಳಿಕೆಯೇ ಆಗಿದೆ.

ಎರಡನೆಯ ಪ್ರಶ್ನೆ, ಯಾವಾಗ ಅಳೆದದ್ದು ಎಂಬುದು. ಕೀರ್ತಿಯಾಗಲಿ ಅಪಕೀರ್ತಿಯಾಗಲಿ ವಸ್ತುಸ್ಥಿತಿಯ ಹಿಂದೆ ನಿಧಾನವಾಗಿ ನಡೆದು ಬರುತ್ತದೆ. ಕೊರಿಯನ್ ಏರ್ ಸಂಸ್ಥೆಯ ವಿಮಾನವೊಂದು 1997ರ ಆಗಸ್ಟ್ 6ರಂದು ಗ್ವಾಮ್ ದ್ವೀಪದ ಗುಡ್ಡಕ್ಕೆ ಅಪ್ಪಳಿಸಿ, ಅದರಲ್ಲಿದ್ದ 254 ಮಂದಿಯಲ್ಲಿ 228 ಮಂದಿ ಸತ್ತರು. ಮೊದಲೇ ಕೆಟ್ಟಿದ್ದ ಅದರ ಹೆಸರು ಮತ್ತಷ್ಟು ಕೆಟ್ಟಿತು; 1999ರಲ್ಲಿ ಅಮೆರಿಕದ ಡೆಲ್ಟಾ ಸಂಸ್ಥೆ ಅದರೊಡನೆ ಟಿಕೆಟ್ ಹಂಚಿಕೊಳ್ಳುವ ಒಪ್ಪಂದವನ್ನು ತಡೆಹಿಡಿಯಿತು. ಆಗ ಸಂಸ್ಥೆ ಎಚ್ಚೆತ್ತುಕೊಂಡಿತು. ಹೊರಗಿನ ತಜ್ಞರನ್ನು ಕರೆಸಿ ಚಾಲಕರ ತರಬೇತಿಯ ಕ್ರಮವನ್ನೇ ಬದಲಾಯಿಸಿತು. 2000ದಿಂದ 2024ರವರೆಗಿನ 25 ವರ್ಷಗಳಲ್ಲಿ ಅದರ ಪ್ರಯಾಣಿಕನೊಬ್ಬನೂ ದುರಂತದಲ್ಲಿ ಸಾಯಲಿಲ್ಲ. 2005ರಲ್ಲಿ ಹಳೆಯ ಹೆಸರಿಗೆ ಅಂಜಿ ಅದನ್ನು ಬಿಟ್ಟವರು, ಆ ಹೊತ್ತಿಗೆ ಇಲ್ಲದೆ ಹೋಗಿದ್ದ ಸಂಸ್ಥೆಯೊಂದನ್ನು ಬಿಟ್ಟಂತಾಯಿತು.

ಮೂರನೆಯದು ಉಪಕರಣದ ಪ್ರಶ್ನೆ. ಪತ್ರಿಕೆಯ ಸುದ್ದಿಯಿಂದ ನಮಗೆ ಕಾಣುವುದು ದುರಂತವೆಂಬ ಕೊನೆಯ ಘಟನೆ ಮಾತ್ರ. ಅದಕ್ಕೆ ವರ್ಷಗಟ್ಟಲೆ ಮೊದಲೇ ನೆಲೆಯೂರುವ ಕಾರಣಗಳು ಕಾಣುವುದಿಲ್ಲ. 2000ದ ಜನವರಿ 31ರಂದು ಅಲಾಸ್ಕ ಏರ್‌ಲೈನ್ಸಿನ ವಿಮಾನವೊಂದು ಕ್ಯಾಲಿಫೋರ್ನಿಯದ ಬಳಿ ಸಮುದ್ರಕ್ಕೆ ಬಿದ್ದು 88 ಮಂದಿ ಸತ್ತರು. ಬಾಲದ ಅಡ್ಡರೆಕ್ಕೆಯನ್ನು ಏರಿಳಿಸುವ ತಿರುಪಿಗೆ ಸಾಕಷ್ಟು ಗ್ರೀಸ್ ಇಲ್ಲದೆ ಅದರ ನಟ್ಟಿನ ಎಳೆಗಳು ಸವೆದುಹೋಗಿದ್ದುವೆಂದು ವಿಚಾರಣೆಯಿಂದ ತಿಳಿದುಬಂದಿತು. ಗ್ರೀಸ್ ಹಾಕುವ ಅವಧಿಯನ್ನು ಸಂಸ್ಥೆ ದೀರ್ಘಗೊಳಿಸಿತ್ತು. ಮೇಲ್ವಿಚಾರಣೆಯ ಸರ್ಕಾರಿ ಇಲಾಖೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತ್ತು. ಯಾವ ಪ್ರಯಾಣಿಕನು ತಾನೆ ಇದನ್ನು ಹೆಸರಿನಿಂದ ಊಹಿಸಿಯಾನು?

ಹೆಸರು ಕೂಡ ಕೆಲವು ವೇಳೆ ನಿಜವಾದುದಲ್ಲ. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ನಗರದ ಬಳಿ ಬಿದ್ದ ವಿಮಾನದ ಟಿಕೆಟ್ಟುಗಳು ಕಾಂಟಿನೆಂಟಲ್ ಎಂಬ ದೊಡ್ಡ ಸಂಸ್ಥೆಯ ಹೆಸರಿನಲ್ಲಿ ಮಾರಾಟವಾಗಿದ್ದುವು. ಅದನ್ನು ನಡೆಸುತ್ತಿದ್ದುದು ಕೋಲ್ಗನ್ ಎಂಬ ಚಿಕ್ಕ ಸಂಸ್ಥೆ. ನೆಲದ ಮೇಲಿದ್ದ ಒಬ್ಬರೂ ಸೇರಿ 50 ಮಂದಿ ಸತ್ತರು. ಬಳಿಕ 2010ರಲ್ಲಿ ಅಲ್ಲಿ ಬಂದ ಕಾನೂನು, ಯಾರು ವಿಮಾನವನ್ನು ನಡೆಸುತ್ತಾರೆಂಬುದನ್ನು ಟಿಕೆಟ್ ಮಾರುವಾಗಲೇ ತಿಳಿಸಬೇಕೆಂದು ವಿಧಿಸಿತು. ಟಿಕೆಟ್ಟಿನಲ್ಲಿ ಚಿಕ್ಕ ಅಕ್ಷರಗಳಲ್ಲಿರುವ ಆ ಸಾಲನ್ನು ಓದುವುದು ಯಾರಿಗಾದರೂ ಸಾಧ್ಯ; ಓದುವವರು ವಿರಳ.

ಹಾಗಾದರೆ ಎಲ್ಲ ಸಂಸ್ಥೆಗಳೂ ಒಂದೇ, ವಿಚಾರಿಸುವುದೇ ವ್ಯರ್ಥ ಎನ್ನಬೇಕೆ? ಖಂಡಿತ ಇಲ್ಲ. ನಮಗೆ ಬೇಕಾದುದು ಒಂದು ಜರಡಿ. ಅದು ಈಗಾಗಲೇ ಸಿದ್ಧವಾಗಿದೆ. ಯುರೋಪಿಯನ್ ಒಕ್ಕೂಟ 2006ರಿಂದ ತನ್ನ ಆಕಾಶದಲ್ಲಿ ಹಾರಗೊಡದ ಸಂಸ್ಥೆಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ 2003ರಿಂದ ಸಂಸ್ಥೆಗಳ ಕಾರ್ಯಕ್ರಮವನ್ನು ತಪಾಸಣೆ ಮಾಡಿಸಿ, ತೇರ್ಗಡೆಯಾದವುಗಳ ಹೆಸರುಗಳನ್ನು ಬಹಿರಂಗಪಡಿಸುತ್ತಿದೆ. ಅಮೆರಿಕದ ವಿಮಾನಯಾನ ಇಲಾಖೆ ಒಂದೊಂದು ದೇಶದ ಸರ್ಕಾರವೂ ತನ್ನ ಸಂಸ್ಥೆಗಳನ್ನು ಹೇಗೆ ಮೇಲ್ವಿಚಾರಣೆ ಮಾಡುತ್ತದೆಂಬುದನ್ನು ತೂಗಿ ನೋಡುತ್ತದೆ. 2014ರ ಜನವರಿಯಲ್ಲಿ ಅದು ಭಾರತವನ್ನು ಕೆಳಗಿನ ದರ್ಜೆಗೆ ಇಳಿಸಿತು. ಕೊರತೆಗಳನ್ನು ತುಂಬಿಕೊಂಡ ಮೇಲೆ 2015ರ ಏಪ್ರಿಲ್‌ನಲ್ಲಿ ಮತ್ತೆ ಮೇಲಕ್ಕೆ ಏರಿಸಿತು. ಇವೆಲ್ಲ ದುರಂತಗಳಿಗಾಗಿ ಕಾಯದೆ, ತರಬೇತಿ, ದುರಸ್ತಿ, ತಪಾಸಣೆಗಳನ್ನೇ ನೋಡುವ ಉಪಕರಣಗಳು. ಇವು ಪರಿಪೂರ್ಣವಲ್ಲ, ಆದರೆ ಊರಬಾಯಿಗಿಂತ ಎಷ್ಟೋ ಮೇಲು.

ಈ ಜರಡಿಯಲ್ಲಿ ಉಳಿಯದ ಸಂಸ್ಥೆಯನ್ನು, ದರ ಎಷ್ಟೇ ಅಗ್ಗವಾಗಿರಲಿ, ಬಿಡತಕ್ಕದ್ದು. ಉಳಿದುಬಂದ ಸಂಸ್ಥೆಗಳ ನಡುವೆ ಹೆಸರಿಗಾಗಿ ತಲೆ ಕೆಡಿಸಿಕೊಳ್ಳಬೇಕಾದುದಿಲ್ಲ. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಆರ್ನಲ್ಡ್ ಬಾರ್ನೆಟ್ ಅವರ ಗಣನೆಯಂತೆ, 1968ರಿಂದ 1977ರವರೆಗೆ ಲೋಕದಲ್ಲಿ ವಿಮಾನವನ್ನು ಏರಿದ 3,50,000 ಪ್ರಯಾಣಗಳಿಗೆ ಒಂದು ಸಾವು ಸಂಭವಿಸುತ್ತಿತ್ತು. 2018ರಿಂದ 2022ರವರೆಗೆ ಅದು 1 ಕೋಟಿ 37 ಲಕ್ಷಕ್ಕೆ ಒಂದಾಯಿತು. ಇಷ್ಟು ಸಣ್ಣ ಅಪಾಯದಲ್ಲಿ ಇನ್ನಷ್ಟು ಸಣ್ಣ ಭೇದವನ್ನು ಹುಡುಕುತ್ತ ಹೊರಟವರು ದೊಡ್ಡ ಅಪಾಯವನ್ನು ಮರೆಯುವುದುಂಟು.

“ಮನಸ್ಸಿನ ಸಮಾಧಾನಕ್ಕಾಗಿ ಖಾಲಿ ದಾಖಲೆಯ ಸಂಸ್ಥೆಯನ್ನೇ ಆರಿಸಿಕೊಂಡರೆ ನಷ್ಟವೇನು?” ಎಂದು ಕೇಳಬಹುದು. ಬೇರೆಲ್ಲವೂ ಸಮಾನವಾಗಿದ್ದರೆ ನಷ್ಟವಿಲ್ಲ. ಆದರೆ ಬೇರೆಲ್ಲವೂ ಸಮಾನವಾಗಿರುವುದು ಅಪೂರ್ವ. ಮೆಚ್ಚಿನ ಹೆಸರಿಗಾಗಿ ನೇರವಾದ ಹಾರಾಟವನ್ನು ಬಿಟ್ಟು ನಡುವೆ ಇಳಿದು ಏರುವ ಹಾದಿಯನ್ನು ಹಿಡಿದರೆ ಅಪಾಯ ಹೆಚ್ಚುತ್ತದೆ. ಏಕೆಂದರೆ ದುರಂತಗಳಲ್ಲಿ ಹೆಚ್ಚಿನವು ವಿಮಾನ ಏರುವಾಗ ಮತ್ತು ಇಳಿಯುವಾಗಲೇ ಆಗುತ್ತವೆ. ಆ ಹೆಸರಿಗಾಗಿ ದೂರದ ನಿಲ್ದಾಣಕ್ಕೆ ಇರುಳೆಲ್ಲ ಕಾರಿನಲ್ಲಿ ಓಡುವುದಂತೂ ಇನ್ನೂ ಅವಿವೇಕ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ 1,68,491 ಮಂದಿ ಸತ್ತರು. ದಿನಕ್ಕೆ 461ಕ್ಕೂ ಹೆಚ್ಚು.

ಇನ್ನೊಂದು ಮಾತು ನಮ್ಮ ನಾಡಿಗೆ ಹತ್ತಿರವಾದುದು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಬದುಕಿ ಉಳಿದವರು ಎಂಟೇ ಮಂದಿ. 2005ರಲ್ಲಿ ಆರಂಭವಾಗಿದ್ದ ಆ ಸಂಸ್ಥೆಯಲ್ಲಿ ಅದಕ್ಕೆ ಮುಂಚೆ ಪ್ರಾಣಹಾನಿಯ ದುರಂತವೇ ಆಗಿರಲಿಲ್ಲ. ಅದರ ಹಾಳೆಯೂ ಖಾಲಿಯಾಗಿಯೇ ಇದ್ದಿತು. ಇಳಿಯುವ ಕ್ರಮ ತಪ್ಪಿದೆ, ಮತ್ತೆ ಮೇಲೇರಬೇಕು ಎಂದು ಸಹಚಾಲಕನು ಮೂರು ಸಲ ಸೂಚಿಸಿದ್ದನೆಂದೂ ಯಂತ್ರದ ಎಚ್ಚರಿಕೆಗಳೂ ಮೊಳಗಿದ್ದುವೆಂದೂ ವಿಚಾರಣಾ ನ್ಯಾಯಾಲಯ ಕಂಡುಕೊಂಡಿತು. ಮುಖ್ಯ ಚಾಲಕನು ಅವಕ್ಕೆ ಕಿವಿಗೊಡಲಿಲ್ಲ. ಸುರಕ್ಷತೆಯ ಮರ್ಮ ಇಲ್ಲಿದೆ: ಕಿರಿಯನ ಮಾತನ್ನು ಹಿರಿಯನು ಕೇಳುವನೆ? ತಪ್ಪನ್ನು ಹೇಳಿದವನಿಗೆ ರಕ್ಷಣೆ ಉಂಟೆ?

ಅಮೆರಿಕದಲ್ಲಿ 1976ರಿಂದ ನಾಸಾ ಸಂಸ್ಥೆ ನಡೆಸುತ್ತಿರುವ ವ್ಯವಸ್ಥೆಯೊಂದಿದೆ. ಚಾಲಕರೂ ಇತರ ಕೆಲಸಗಾರರೂ ತಾವು ಮಾಡಿದ ಮತ್ತು ಕಂಡ ತಪ್ಪುಗಳನ್ನು ಅದಕ್ಕೆ ಬರೆದು ಕಳಿಸುತ್ತಾರೆ. ಬರೆದವರ ಹೆಸರು ಗುಟ್ಟಾಗಿ ಉಳಿಯುತ್ತದೆ, ಪಾಠ ಎಲ್ಲರಿಗೂ ದೊರೆಯುತ್ತದೆ. ಎಲ್ಲ ಅಳತೆಗಳೂ ತೂಗಿಟ್ಟಂತೆ ಹೊಂದಿಕೊಂಡಿರುವ ಪ್ರಯೋಗ ಪುಸ್ತಕವನ್ನು ಕಂಡರೆ ಭೌತಶಾಸ್ತ್ರದ ಅಧ್ಯಾಪಕನಿಗೆ ಸಂಶಯ ಹುಟ್ಟುತ್ತದೆ. ತಪ್ಪುಗಳ ವರದಿಯೇ ಬಾರದ ವಿಮಾನ ಸಂಸ್ಥೆಯನ್ನೂ ಅದೇ ಸಂಶಯದಿಂದ ನೋಡತಕ್ಕದ್ದು. ಸಣ್ಣ ತಪ್ಪುಗಳನ್ನು ತಾನಾಗಿ ಹೇಳಿಕೊಂಡ ಸಂಸ್ಥೆಯನ್ನು ನಾವು ಹೀಯಾಳಿಸಿದರೆ, ಮುಚ್ಚಿಡುವುದನ್ನು ನಾವೇ ಕಲಿಸಿದಂತಾಗುತ್ತದೆ. ಮಂಜಿನಲ್ಲಿ ಇಳಿಯದೆ ಹಿಂದಿರುಗಿದ ಚಾಲಕನ ಮೇಲೆ ರೇಗುವ ಪ್ರಯಾಣಿಕನೂ ಇದೇ ಪಾಠವನ್ನು ಕಲಿಸುತ್ತಾನೆ.

ಆದುದರಿಂದ ತರುಣ ವಾಚಕರು ಟಿಕೆಟ್ ಕೊಳ್ಳುವಾಗ ಮೂರು ಕೆಲಸಗಳನ್ನು ಮಾಡಲಿ: ನಿಜವಾಗಿ ವಿಮಾನ ನಡೆಸುವವರು ಯಾರೆಂದು ಓದಿಕೊಳ್ಳಲಿ, ನಿಷೇಧದ ಪಟ್ಟಿಯನ್ನೂ ತಪಾಸಣೆಯಲ್ಲಿ ತೇರ್ಗಡೆಯಾದವರ ಪಟ್ಟಿಯನ್ನೂ ನೋಡಲಿ, ಆ ಮೇಲೆ ಏರಿಳಿತ ಕಡಿಮೆಯಿರುವ ಹಾದಿಯನ್ನು ಆರಿಸಿಕೊಂಡು ನಿಶ್ಚಿಂತರಾಗಿರಲಿ. ನಾಗರಿಕರಾಗಿ ಮಾಡಬೇಕಾದ ಕೆಲಸ ಇನ್ನೂ ಒಂದಿದೆ. ಒಂದೊಂದು ಸಂಸ್ಥೆಯ ತಪಾಸಣೆಯಲ್ಲಿ ಕಂಡ ಕೊರತೆಗಳನ್ನೂ ಅವನ್ನು ಸರಿಪಡಿಸಿದ ದಿನಾಂಕಗಳನ್ನೂ ಸಾಮಾನ್ಯ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಕ್ರಮವಾಗಿ ಪ್ರಕಟಿಸಬೇಕೆಂದು ಸರ್ಕಾರವನ್ನು ಕೇಳಬೇಕು. ದರದ ಪಟ್ಟಿ ಕ್ಷಣಾರ್ಧದಲ್ಲಿ ನಮ್ಮ ಕಣ್ಣ ಮುಂದೆ ಬರುತ್ತದೆ. ಪ್ರಾಣಕ್ಕೆ ಸಂಬಂಧಪಟ್ಟ ಪಟ್ಟಿಯೂ ಅದರ ಪಕ್ಕದಲ್ಲಿಯೇ ಬರುವಂತಾದ ದಿನ, ಪ್ರಯಾಣಿಕನು ಹೆಸರನ್ನು ಮಾತ್ರ ನಂಬಿ ಹಾರಬೇಕಾಗುವುದಿಲ್ಲ.